ನೆರೆಮನೆಯ ಹೊರೆ

ಮನೆಗೆ ಬೆಂಕಿ ಬಿದ್ದವನು ಮೊದಲು ಓಡುವುದು ನೆರೆಮನೆಗೆ. ನಾಡು ಬಿಟ್ಟು ಓಡುವವರ ನಡೆಯೂ ಇದೇ. ಜಗತ್ತಿನ ನಿರಾಶ್ರಿತರಲ್ಲಿ ಮೂರನೆಯ ಎರಡು ಪಾಲು ಜನ ತಮ್ಮ ನಾಡಿನ ಗಡಿಗೆ ಹೊಂದಿದ ದೇಶಗಳಲ್ಲಿಯೇ ಇದ್ದಾರೆ. ದೂರದ ಸಿರಿವಂತ ರಾಷ್ಟ್ರಗಳು ತಮ್ಮ ಬಾಗಿಲಿಗೆ ಬಂದ ಕೆಲವರ ಬಗೆಗೆ ಗದ್ದಲವೆಬ್ಬಿಸುತ್ತಿರುವಾಗ, ಹೊರೆ ಹೊತ್ತಿರುವುದು ಬಡ ನೆರೆಯವನೇ.

ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯನ್ನು ನೋಡಬೇಕು. 2017ರ ಆಗಸ್ಟ್ 25ರ ತರುವಾಯ ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಮಿಕ್ಕಿದ ರೋಹಿಂಗ್ಯಾ ಜನ ಮ್ಯಾನ್ಮಾರ್‌ನಿಂದ ಗಡಿ ದಾಟಿ ಅಲ್ಲಿಗೆ ಬಂದರು. ಉಖಿಯಾ, ಟೆಕ್ನಾಫ್ ತಾಲ್ಲೂಕುಗಳಲ್ಲಿ ಬಂದವರ ಸಂಖ್ಯೆ ಇದ್ದವರ ಸಂಖ್ಯೆಯನ್ನು ಮೀರಿತು. ಹೊರಗಿನ ನೆರವು ಬರುವ ಮುನ್ನ ಅನ್ನವಿಕ್ಕಿದವರು ಊರವರೇ. ಆಮೇಲೆ ಅವರ ಕೂಲಿ ಇಳಿಯಿತು; ಗುಡ್ಡದ ಕಾಡು ಒಲೆಗೆ ಸೌದೆಯಾಗಿ ಕರಗಿತು; ಆನೆಗಳು ನಡೆಯುತ್ತಿದ್ದ ದಾರಿಯಲ್ಲಿ ಬಿದಿರು ಗುಡಿಸಲುಗಳೆದ್ದವು. ಶಿಬಿರಗಳಿಗೂ ಊರಿನ ಹಲವು ಮನೆಗಳಿಗೂ ಅಡುಗೆ ಅನಿಲ ಹಂಚತೊಡಗಿದ ಮೇಲೆ ಸೌದೆಗಾಗಿ ಕಾಡು ಕಡಿಯುವುದು ಬಹಳಷ್ಟು ತಗ್ಗಿತು. ಬಂದವರನ್ನೂ ಇದ್ದವರನ್ನೂ ಒಟ್ಟಿಗೆ ಕಾಯುವ ನೆರವೆಂದರೆ ಇಂಥದು.

ಆದರೆ ನೆರವಿನ ಕೈ ಬೇಗ ಬಳಲುತ್ತದೆ. ವಿಶ್ವ ಆಹಾರ ಕಾರ್ಯಕ್ರಮವು 2023ರಲ್ಲಿ ಹಣವಿಲ್ಲದೆ ಒಬ್ಬರಿಗೆ ತಿಂಗಳಿಗೆ 12 ಡಾಲರ್ ಇದ್ದ ಪಡಿತರವನ್ನು ಮೊದಲು ಹತ್ತಕ್ಕೆ, ಜೂನ್ ಹೊತ್ತಿಗೆ ಎಂಟಕ್ಕೆ ಇಳಿಸಿತು. ಮರುವರ್ಷ ಅದನ್ನು ಏರಿಸಲಾಯಿತೆಂಬುದು ನಿಜ. ಹಸಿವಿಗೆ ಆ ಲೆಕ್ಕ ತಿಳಿಯದು.

ಬಾಂಗ್ಲಾದೇಶವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ದುಡಿಯಲು ಇವರಿಗೆ ಅನುಮತಿಯನ್ನೂ ಕೊಟ್ಟಿಲ್ಲ. ದುಡಿಮೆ ಕೊಟ್ಟರೆ ಬೇರೂರುವರೆಂಬ ಅದರ ಅಂಜಿಕೆ ಸುಳ್ಳಲ್ಲ: 1978ರಲ್ಲಿ ಒಮ್ಮೆ, 1991-92ರಲ್ಲಿ ಮತ್ತೊಮ್ಮೆ ಇದೇ ಜನ ಇದೇ ಗಡಿ ದಾಟಿದ್ದರು, ಮ್ಯಾನ್ಮಾರ್‌ನ 1982ರ ಕಾನೂನು ಅವರಿಗೆ ಪೌರತ್ವವನ್ನೇ ಇಲ್ಲವಾಗಿಸಿತ್ತು. ಆದರೂ ಕೈಕಟ್ಟಿ ಕೂರಿಸುವುದು ಮದ್ದಲ್ಲ. ಸಿರಿಯಾದವರಿಗೆ ಕೆಲಸದ ಪರವಾನಗಿ ಕೊಡಲು ಜೋರ್ಡಾನ್ 2016ರಲ್ಲಿ ಒಪ್ಪಿದ್ದು ಬರಿಯ ಬೋಧನೆಗೆ ಮಣಿದಲ್ಲ. ಯುರೋಪು ಸಾಲ, ಅನುದಾನಗಳ ಜೊತೆಗೆ ವ್ಯಾಪಾರದ ನಿಯಮಗಳನ್ನೂ ಸಡಿಲಿಸಿತು. ಕಾರ್ಖಾನೆಗಳಲ್ಲಿ ನಿರೀಕ್ಷಿಸಿದಷ್ಟು ಕೆಲಸ ಹುಟ್ಟಲಿಲ್ಲ, ಹೊಲಗದ್ದೆಗಳಲ್ಲಿ, ಕಟ್ಟಡಗಳಲ್ಲಿ ಹುಟ್ಟಿತು. (ದುಡಿಯಲು ನೆಲ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಕನ್ನಡಿಗರಿಗೆ ದೂರದ ಸಾಕ್ಷಿ ಬೇಡ, ಅಂದಿನ ಮೈಸೂರು ಸರಕಾರ ಟಿಬೆಟಿನವರಿಗೆ ಕೊಟ್ಟ ಬೈಲಕುಪ್ಪೆಯ ಭೂಮಿ ಇದೆ.)

ನೆರೆದೇಶಕ್ಕೆ ಕೊಡುವ ಹಣವು ತಮ್ಮ ಬಾಗಿಲು ಮುಚ್ಚಿಕೊಳ್ಳಲು ತೆರುವ ಬೆಲೆಯಾಗಬಾರದು. ವರ್ಷವರ್ಷಕ್ಕೂ ಬೇಡಿ ತರುವ ಭಿಕ್ಷೆಯೂ ಆಗಬಾರದು. 2025ರಲ್ಲಿ ಹಣ ಸಾಲದೆ ಕಾಕ್ಸ್ ಬಜಾರ್‌ನ ಶಿಬಿರಗಳಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ ಸಾವಿರಕ್ಕೂ ಹೆಚ್ಚು ಶಿಕ್ಷಕರು ಕೆಲಸ ಕಳೆದುಕೊಂಡು ಬೀದಿಗಿಳಿದರು. ಅವರು ನಿರಾಶ್ರಿತರಲ್ಲ, ಆ ನೆರೆಮನೆಯವರೇ.