ಸಂಬಳದ ಕೆಲಸ, ಮೊಂಡಾಗದ ರ‍್ಯಾಪ್

2009ರಲ್ಲಿ ಅಮೆರಿಕದ 'ದಿ ರೂಟ್ಸ್' ತಂಡ ಜಿಮ್ಮಿ ಫ್ಯಾಲನ್ ಅವರ ತಡರಾತ್ರಿಯ ಟಿ.ವಿ. ಕಾರ್ಯಕ್ರಮಕ್ಕೆ ಕಾಯಂ ವಾದ್ಯವೃಂದವಾಗಿ ಸೇರಿಕೊಂಡಾಗ ಮೂಗು ಮುರಿದವರಿದ್ದರು. ಬೀದಿಯಲ್ಲಿ ಬೆಳೆದ ಹಿಪ್‌ಹಾಪ್ ತಂಡ ಅತಿಥಿಗಳ ಪ್ರವೇಶಕ್ಕೆ ಬಾಜಾ ನುಡಿಸುವಂತಾಯಿತಲ್ಲ ಎಂಬ ಕೊರಗು ಅವರದು. ಅದರಲ್ಲಿ ಹುರುಳಿರಲಿಲ್ಲ. ಆ ನೌಕರಿಯೇ ತಂಡವನ್ನು ಉಳಿಸಿತು. ಅದರ ಮುಂದಾಳು ಬ್ಲ್ಯಾಕ್ ಥಾಟ್ ಇನ್ನಷ್ಟು ಹರಿತವಾದರು.

ಬ್ಲ್ಯಾಕ್ ಥಾಟ್ ಅವರ ನಿಜನಾಮ ತಾರಿಕ್ ಟ್ರಾಟರ್. ಊರು ಫಿಲಡೆಲ್ಫಿಯಾ. ಕೂಸಾಗಿದ್ದಾಗಲೇ ತಂದೆಯ ಕೊಲೆಯಾಯಿತು, ಹದಿಹರೆಯದಲ್ಲಿ ತಾಯಿಯದೂ. ಅಲ್ಲಿನ ಲಲಿತಕಲೆಗಳ ಪ್ರೌಢಶಾಲೆಗೆ ಅವರು ಸೇರಿದ್ದು ಚಿತ್ರಕಲೆ ಕಲಿಯಲು. ಡ್ರಮ್ಸ್ ನುಡಿಸುತ್ತಿದ್ದ ಅಹ್ಮೀರ್ ಥಾಂಪ್ಸನ್ ಸಿಕ್ಕಿದ್ದು ಅಲ್ಲೇ. ಮುಂದೆ ಕ್ವೆಸ್ಟ್‌ಲವ್ ಎಂದು ಹೆಸರಾದವರು ಅವರೇ. ಇಬ್ಬರೂ ಸೌತ್ ಸ್ಟ್ರೀಟ್‌ನ ಫುಟ್‌ಪಾತಿನಲ್ಲಿ ನಿಂತು, ಒಬ್ಬರು ಬಾರಿಸುತ್ತ ಇನ್ನೊಬ್ಬರು ರ‍್ಯಾಪ್ ಮಾಡುತ್ತ ಜನ ಸೇರಿಸಿದರು. ಹಳೆಯ ರೆಕಾರ್ಡುಗಳ ತುಣುಕು ಜೋಡಿಸಿ ಹಾಡು ಕಟ್ಟುವುದೇ ಹಿಪ್‌ಹಾಪ್‌ನ ರೂಢಿಯಾಗಿದ್ದ ಕಾಲದಲ್ಲಿ ಇವರು ಡ್ರಮ್ಸ್, ಬೇಸ್, ಕೀಬೋರ್ಡುಗಳನ್ನು ವೇದಿಕೆಯ ಮೇಲೇ ನುಡಿಸಿದರು. ಮೊದಲ ಆಲ್ಬಂ 'ಆರ್ಗಾನಿಕ್ಸ್' 1993ರಲ್ಲಿ ಬಂತು.

ಹೆಸರು ತಂದುಕೊಟ್ಟದ್ದು 1999ರ 'ಥಿಂಗ್ಸ್ ಫಾಲ್ ಅಪಾರ್ಟ್'. ನೈಜೀರಿಯಾದ ಚಿನುವಾ ಅಚಿಬೆಯವರ ಕಾದಂಬರಿಯಿಂದ ಪಡೆದ ಹೆಸರಿದು. ಆ ಕಾದಂಬರಿ ಕನ್ನಡಕ್ಕೂ ಬಂದಿದೆ. ಆ ಆಲ್ಬಂನಲ್ಲಿ ಗಾಯಕಿ ಎರಿಕಾ ಬಾಡು ಜೊತೆ ಹಾಡಿದ 'ಯು ಗಾಟ್ ಮಿ'ಗೆ 2000ದಲ್ಲಿ ಗ್ರ್ಯಾಮಿ ಸಿಕ್ಕಿತು. ಅದರ ಪಲ್ಲವಿ ಬರೆದವರು ಆಗಿನ್ನೂ ಹೆಸರು ಮಾಡಿರದ ಜಿಲ್ ಸ್ಕಾಟ್. ರೆಕಾರ್ಡ್ ಕಂಪನಿ ದೊಡ್ಡ ಹೆಸರು ಬಯಸಿದ್ದರಿಂದ ಹಾಡುವ ಅವಕಾಶ ಬಾಡು ಪಾಲಾಯಿತು. ಆ ಅನ್ಯಾಯವನ್ನು ತಂಡದ ಅಭಿಮಾನಿಗಳೂ ಮರೆಯಬಾರದು.

ಇಷ್ಟೆಲ್ಲ ಮೆಚ್ಚುಗೆ ಬಂದರೂ ಊರೂರು ತಿರುಗದೆ ಹೊಟ್ಟೆ ತುಂಬುತ್ತಿರಲಿಲ್ಲ. ಟಿ.ವಿ. ಕೆಲಸ ಆ ಅಲೆದಾಟವನ್ನು ತಗ್ಗಿಸಿತು. ಸೇರಿದ ಎರಡೇ ವರ್ಷದಲ್ಲಿ ಬಂದ 'ಅನ್‌ಡನ್' (2011) ಒಬ್ಬ ಕಲ್ಪಿತ ಯುವಕನ ಬದುಕನ್ನು ಸಾವಿನಿಂದ ಹಿಂದಕ್ಕೆ ಹೇಳುವ ಆಲ್ಬಂ. ಮಾರುಕಟ್ಟೆಯ ಹಂಗಿದ್ದವರು ಇಂಥದ್ದಕ್ಕೆ ಕೈ ಹಾಕುವುದು ಕಷ್ಟ. 2014ರ ಆಲ್ಬಂ ಆದ ಮೇಲೆ ತಂಡ ಬಹುಕಾಲ ಹೊಸದನ್ನು ಕೊಡಲಿಲ್ಲ, ನಿಜ. ಆ ದೂರು ನ್ಯಾಯವಾದದ್ದೇ. ಆದರೆ ಅದೇ ಅವಧಿಯಲ್ಲಿ ಅದರ ಮುಂದಾಳು ಸುಮ್ಮನಿರಲಿಲ್ಲ.

2017ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹಾಟ್ 97 ರೇಡಿಯೊದಲ್ಲಿ ಅವರು ಸುಮಾರು ಹತ್ತು ನಿಮಿಷ ಒಂದೇ ಓಘದಲ್ಲಿ ರ‍್ಯಾಪ್ ಮಾಡಿದರು. ಆಗ ಅವರಿಗೆ ವಯಸ್ಸು ನಲವತ್ತು ದಾಟಿತ್ತು. ಪ್ರಾಸ ಎಲ್ಲೂ ಸಡಿಲಾಗಲಿಲ್ಲ, ಅರ್ಥ ತೆಳುವಾಗಲಿಲ್ಲ. ಹಿಪ್‌ಹಾಪ್ ಹುಡುಗರ ಆಟ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಬಳಿಕ 2022ರಲ್ಲಿ ಸಂಗೀತ ನಿರ್ಮಾಪಕ ಡೇಂಜರ್ ಮೌಸ್ ಜೊತೆ 'ಚೀಟ್ ಕೋಡ್ಸ್' ಆಲ್ಬಂ ತಂದರು, 2023ರಲ್ಲಿ ಆತ್ಮಕಥನ ಪ್ರಕಟಿಸಿದರು.

ಕ್ವೆಸ್ಟ್‌ಲವ್ ತಮ್ಮ ಸಾಕ್ಷ್ಯಚಿತ್ರ 'ಸಮರ್ ಆಫ್ ಸೋಲ್'ಗೆ 2022ರಲ್ಲಿ ಆಸ್ಕರ್ ಪಡೆದರು. ಅದು ಅರ್ಹರಿಗೇ ಸಂದ ಗೌರವ. ಆದರೆ ಶ್ರೇಷ್ಠ ರ‍್ಯಾಪರ್‌ಗಳ ಹೆಸರು ಹೇಳುವಾಗ ಬ್ಲ್ಯಾಕ್ ಥಾಟ್ ಕೊನೆಗೆ ನೆನಪಾಗುವುದು ಸರಿಯಲ್ಲ. ಮಾತಿನ ಲಯ, ಪದಗಳ ಬಿಗಿ ಕಂಡರೆ ಹಿಗ್ಗುವ ಕನ್ನಡಿಗರು ಮೊದಲು 'ಥಿಂಗ್ಸ್ ಫಾಲ್ ಅಪಾರ್ಟ್' ಪೂರ್ತಿ ಕೇಳಿ, ಆಮೇಲೆ ಆ ಹತ್ತು ನಿಮಿಷದ ರೇಡಿಯೊ ರ‍್ಯಾಪ್ ಕೇಳಬೇಕು.