ಹಳೆ ಕೋವಿಗೆ ಹೊಸ ಕಣ್ಣು ಬೇಕೇ?

ಮೊನ್ನೆ ಬಲ್ಮಠದಲ್ಲಿ ಬೆಳೆಗಾರರ ಸಭೆಯೊಂದು ಮುಗಿದು, ನಾವು ನಾಲ್ಕಾರು ಮಂದಿ ಹೊರಗೆ ನಿಂತು ಕಾಫಿ ಕುಡಿಯುತ್ತಿದ್ದಾಗ, ಸುಳ್ಯದ ಕಡೆಯ ಹಿರಿಯ ಸದಸ್ಯರೊಬ್ಬರು ತಮ್ಮ ಕೈಚೀಲದಿಂದ ಸಣ್ಣ ಪೆಟ್ಟಿಗೆಯೊಂದನ್ನು ಹೊರತೆಗೆದರು. ಅದರಲ್ಲಿದ್ದುದು ಕೋವಿಗೆ ಜೋಡಿಸುವ ದುರ್ಬೀನು. ಪರವೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗ ತಂದುಕೊಟ್ಟದ್ದಂತೆ. "ಅಪ್ಪನ ಕಾಲದ ಜೋಡಿ ನಳಿಗೆ ಕೋವಿ ಇದೆ. ನನಗೆ ಈಗ ಕಣ್ಣು ಸಾಲದು. ಇದನ್ನು ಹಾಕಿಸಬಹುದೇ?" ಎಂದು ಅವರು ಕೇಳಿದರು. "ಹಾಕಿಸಿ ಮಾರಾಯ್ರೇ, ಹಂದಿ ತಪ್ಪಿಸಿಕೊಳ್ಳಲಿಕ್ಕುಂಟೇ?" ಎಂದರು ಒಬ್ಬರು. "ಕೋವಿ ಹಾಳು ಮಾಡಬೇಡಿ" ಎಂದರು ಇನ್ನೊಬ್ಬರು. ಕಾಫಿ ಆರಿತೇ ಹೊರತು ಚರ್ಚೆ ಮುಗಿಯಲಿಲ್ಲ. ಈ ಪ್ರಶ್ನೆ ಅವರೊಬ್ಬರದಲ್ಲವಾದ್ದರಿಂದ, ನಮಗೆ ತೋಚಿದ್ದನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಮೊದಲಿಗೆ ನಮ್ಮ ಮನೆಗಳಲ್ಲಿರುವ ಕೋವಿಗಳು ಯಾವುವು ಎಂದು ನೋಡೋಣ. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದವುಗಳಲ್ಲಿ ಹೆಚ್ಚಿನವು ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ ತೋಟೆ ಕೋವಿಗಳು. ಇನ್ನು ಕೆಲವು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗಳು. ಇವು ಯಾವುವೂ ರೈಫಲುಗಳಲ್ಲ. ರೈಫಲಿನ ನಳಿಗೆಯೊಳಗೆ ತಿರುಚಿದ ಗೀರುಗಳಿರುತ್ತವೆ, ಅವು ಗುಂಡನ್ನು ತಿರುಗಿಸಿ ನೇರ ಕಳುಹಿಸುತ್ತವೆ. ನಮ್ಮ ಹನ್ನೆರಡು ಬೋರಿನ ಕೋವಿಯ ನಳಿಗೆ ಒಳಗೆ ನುಣುಪು. ಅದು ಚರೆಯನ್ನು ಹರಡುತ್ತದೆ. ಕೆಲವೇ ಕೆಲವರ ಬಳಿ ಇಚ್ಛಾಪುರದ ಕಾರ್ಖಾನೆಯ .315 ರೈಫಲು ಇದೆ. ಹಳೆಯ ಲೀ ಎನ್‌ಫೀಲ್ಡ್ ಬಂದೂಕಿನ ಯಂತ್ರವೇ ಅದರ ಮೂಲ. ದುರ್ಬೀನಿನ ಮಾತು ಬಂದಾಗ ಈ ಎರಡು ಜಾತಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು.

ಕೋವಿಗೂ ನಮ್ಮ ನೆಲಕ್ಕೂ ಇರುವ ನಂಟು ಇಂದಿನದಲ್ಲ. ಬಲ್ಮಠಕ್ಕೆ ಹತ್ತಿರದಲ್ಲೇ ಇರುವ ಬಾವುಟಗುಡ್ಡೆಯಲ್ಲಿ 1837ರಲ್ಲಿ ಸುಳ್ಯ ಸೀಮೆಯ ರೈತರು ಕಂಪೆನಿ ಸರಕಾರದ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ಕತೆಯನ್ನು ನಮ್ಮ ಮಕ್ಕಳೂ ಬಲ್ಲರು. ಅತ್ತ ಕೊಡಗಿನಲ್ಲಿ 1861ರಿಂದಲೇ ಕೊಡವರಿಗೆ ಲೈಸೆನ್ಸಿನ ವಿನಾಯಿತಿ ಇದ್ದು, ಈಗ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು 2029ರ ಅಕ್ಟೋಬರ್ 31ರ ವರೆಗೆ ಮುಂದುವರಿದಿದೆ. ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸಿ, ಬಳಿಕ ತೆಂಗಿನಕಾಯಿಗೆ ಗುರಿ ಇಡುವ ಪದ್ಧತಿ ಅಲ್ಲಿನದು. ಘಟ್ಟದ ಕೆಳಗಿನ ನಮಗೆ ಆ ವಿನಾಯಿತಿ ಇಲ್ಲ. ನಮ್ಮ ಕೋವಿಯ ಜಾತಿ, ಬೋರು, ನಂಬರು ಎಲ್ಲವೂ ಪುಸ್ತಕದಲ್ಲಿ ಬರೆದಿರುತ್ತವೆ. ಹೊಸ ಲೈಸೆನ್ಸು ಸಿಗುವುದು ಕಷ್ಟವಾದ್ದರಿಂದ ಅಪ್ಪನ ಕೋವಿ ಮಗನಿಗೆ, ಮಗನದು ಮೊಮ್ಮಗನಿಗೆ ಎಂದು ಬರುತ್ತಿದೆ. ಹಳೆ ಕೋವಿಗೆ ಹೊಸ ಉಪಕರಣ ಜೋಡಿಸುವ ಆಸೆ ಹುಟ್ಟುವುದೂ ಇದರಿಂದಲೇ.

ಆ ಹಿರಿಯರ ಕಷ್ಟ ನಿಜವಾದದ್ದು. ನಲ್ವತ್ತೈದು ದಾಟಿದವರ ಕಣ್ಣಿನ ಮಸೂರ ಬಿಗಿಯುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ರೈಫಲಿನಲ್ಲಿ ಹಿಂದಿನ ಕಚ್ಚು, ಮುಂದಿನ ಮಣಿ, ಆಚೆಗಿನ ಗುರಿ, ಈ ಮೂರನ್ನೂ ಒಂದೇ ಗೆರೆಯಲ್ಲಿ ತರಬೇಕು. ಕಣ್ಣಾದರೋ ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು. ದುರ್ಬೀನು ಗುರಿಯನ್ನೂ ಗುರುತಿನ ಗೆರೆಯನ್ನೂ ಒಂದೇ ದೂರಕ್ಕೆ ತಂದು ತೋರಿಸುತ್ತದೆ. ಕೆಂಪು ಚುಕ್ಕಿಯ ಗಾಜೂ ಅದನ್ನೇ ಮಾಡುತ್ತದೆ. 1900ರಲ್ಲಿ ಡಬ್ಲಿನ್ನಿನ ಹೋವರ್ಡ್ ಗ್ರಬ್ ಗಾಜಿನಲ್ಲಿ ಗುರುತನ್ನು ಪ್ರತಿಫಲಿಸುವ ಉಪಾಯ ಕಂಡುಹಿಡಿದರು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪೆನಿ ಅದನ್ನು ಬ್ಯಾಟರಿಯಿಂದ ಉರಿಯುವ ಚುಕ್ಕಿಯಾಗಿಸಿ ಮಾರುಕಟ್ಟೆಗೆ ತಂದಿತು. ಉಪಕರಣ ಒಳ್ಳೆಯದೇ, ಅದರಲ್ಲಿ ಸಂಶಯವಿಲ್ಲ. ನಮ್ಮ ಕೋವಿಗೆ, ನಮ್ಮ ತೋಟಕ್ಕೆ ಅದು ಒಗ್ಗುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ತೋಟವನ್ನೇ ತೆಗೆದುಕೊಳ್ಳಿ. ನಾವು ಅಡಿಕೆ ನೆಡುವುದು ಒಂಬತ್ತು ಅಡಿಗೊಂದರಂತೆ. ನಡುವೆ ಬಾಳೆ, ಕೊಕ್ಕೊ, ಕರಿಮೆಣಸಿನ ಬಳ್ಳಿ. ಕಾಫಿ ತೋಟದಲ್ಲಂತೂ ಎದೆಮಟ್ಟದ ಗಿಡಗಳು. ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಗಜಕ್ಕಿಂತ ಆಚೆ ನೋಟ ಹೋಗುವುದೇ ಅಪರೂಪ. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನಿನಲ್ಲಿ ನೂರು ಗಜದಾಚೆ ಸುಮಾರು ಮೂವತ್ತಡಿ ಅಗಲದ ನೋಟ ಸಿಗುತ್ತದೆ. ಇಪ್ಪತ್ತೈದು ಗಜದಲ್ಲಿ ಅದು ಏಳೆಂಟು ಅಡಿಗೆ ಇಳಿಯುತ್ತದೆ. ಎಂದರೆ ಎರಡು ಅಡಿಕೆ ಮರಗಳ ನಡುವಿನಷ್ಟು ಜಾಗವೂ ಪೂರ್ತಿ ಕಾಣದು. ಓಡುವ ಹಂದಿಯನ್ನು ಆ ಕಿಂಡಿಯಲ್ಲಿ ಹುಡುಕುವುದರೊಳಗೆ ಅದು ಪಕ್ಕದವರ ತೋಟ ಸೇರಿರುತ್ತದೆ. ಚರೆಯ ಕೋವಿಯ ಅಳವೇ ಮೂವತ್ತೈದು ನಲ್ವತ್ತು ಗಜ. ಅಷ್ಟು ದೂರಕ್ಕೆ ಹಿಗ್ಗಿಸಿ ನೋಡುವ ಅಗತ್ಯವಾದರೂ ಏನು?

ಇನ್ನು ಕೋವಿಯ ವಿಚಾರ. ಚರೆ ಕೋವಿಯಲ್ಲಿ ಹಿಂದಿನ ಕಚ್ಚು ಇರುವುದಿಲ್ಲ, ಗುರಿಕಾರನ ಕಣ್ಣೇ ಆ ಕೆಲಸ ಮಾಡುತ್ತದೆ. ಕೆನ್ನೆ ಮರದ ಹಿಡಿಗೆ ಒತ್ತಿ ಕುಳಿತರೆ ಕಣ್ಣು ತಾನಾಗಿ ನಳಿಗೆಯ ಗೆರೆಗೆ ಬರುತ್ತದೆ. ಮೇಲೆ ಒಂದೂವರೆ ಅಂಗುಲ ಎತ್ತರಕ್ಕೆ ದುರ್ಬೀನು ಕೂರಿಸಿದರೆ ಕೆನ್ನೆ ಹಿಡಿಯಿಂದ ಮೇಲೇಳುತ್ತದೆ, ಗಲ್ಲ ಮಾತ್ರ ತಾಗುತ್ತದೆ, ಕೋವಿ ಒದ್ದಾಗ ತಾಳುವುದಕ್ಕೆ ಆಧಾರವಿಲ್ಲ. ಸಾಧಾರಣ ದುರ್ಬೀನಿಗೂ ಕಣ್ಣಿಗೂ ಇರಬೇಕಾದ ಅಂತರ ಮೂರು ಮೂರೂವರೆ ಅಂಗುಲ. ಹನ್ನೆರಡು ಬೋರಿನ ಒದೆತಕ್ಕೆ ಅದು ಹಿಂದೆ ಬಂದು ಹುಬ್ಬು ಸೀಳುವುದುಂಟು.

ಜೋಡಿಸುವುದಾದರೂ ಹೇಗೆ? ಹೆಚ್ಚಿನ ಹಳೆ ಕೋವಿಗಳಲ್ಲಿ ಅದಕ್ಕೆಂದು ಜಾಗವೇ ಇಲ್ಲ. ರಂಧ್ರ ಕೊರೆದು ತಿರುಪು ಹಾಕಬೇಕು. ಜೋಡಿ ನಳಿಗೆಗಳನ್ನು ಬೆಸುಗೆಯಿಂದ ಕೂಡಿಸಿ, ನಡುವೆ ಪಟ್ಟಿ ಇಟ್ಟಿರುತ್ತಾರೆ. ಅಲ್ಲಿ ಕೊರೆದರೆ ಅಥವಾ ಕಾಯಿಸಿದರೆ ಬೆಸುಗೆ ಬಿಡುತ್ತದೆ, ಒಳಗೆ ನೀರು ಇಳಿದು ತುಕ್ಕು ತಿನ್ನುತ್ತದೆ. ನಳಿಗೆಯ ಗೋಡೆ ತುದಿಯತ್ತ ಹೋದಂತೆ ತೆಳು. ಕಬ್ಬಿಣ ಉಕ್ಕುಗಳ ಪಟ್ಟಿ ಸುತ್ತಿ ಮಾಡಿದ ಡಮಾಸ್ಕಸ್ ನಳಿಗೆ ಇದ್ದರಂತೂ ಮುಟ್ಟಲೇಬಾರದು. ಅದು ಕರಿಮದ್ದಿನ ಕಾಲದ್ದು, ಈಗಿನ ಹೊಗೆಯಿಲ್ಲದ ಮದ್ದಿನ ತೋಟೆಯನ್ನೇ ಅದಕ್ಕೆ ಹಾಕಬಾರದು. ಹಳೆಯ ಹಲವು ಕೋವಿಗಳ ತೋಟೆಮನೆ 65 ಮಿಲಿಮೀಟರಿನದು. ಅದಕ್ಕೆ 70ರ ತೋಟೆ ಸುಲಭವಾಗಿ ಒಳಹೋದರೂ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ದುರ್ಬೀನಿಗೆ ಹಣ ಹಾಕುವ ಮೊದಲು ನಮ್ಮಲ್ಲಿ ಎಷ್ಟು ಮಂದಿ ಈ ಅಳತೆ ನೋಡಿದ್ದೇವೆ?

"ಮಿಲಿಟರಿಯವರು ಹಳೆ ರೈಫಲಿಗೆ ಹಾಕಿಸಲಿಲ್ಲವೇ?" ಎಂದು ಸಭೆಯಲ್ಲಿ ಒಬ್ಬರು ಕೇಳಿದ್ದರು. ಹಾಕಿಸಿದ್ದರು ನಿಜ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ನಾಲ್ಕನೆಯ ನಂಬರಿನ ಲೀ ಎನ್‌ಫೀಲ್ಡಿಗೆ 32ನೆಯ ನಂಬರಿನ ದುರ್ಬೀನನ್ನು ಜೋಡಿಸಿದರು. ಅದು ಬ್ರೆನ್ ಗನ್ನಿಗೆಂದು ಯೋಚಿಸಿದ್ದ ದುರ್ಬೀನು. ಆದರೆ ಹೇಗೆ ಜೋಡಿಸಿದರೆಂಬುದನ್ನೂ ನೋಡಬೇಕು. ಮೊದಲು ಗುರಿ ಕೆಡದ ರೈಫಲುಗಳನ್ನು ಮಾತ್ರ ಆರಿಸಿದರು. ಲಂಡನ್ನಿನ ಹಾಲಂಡ್ ಅಂಡ್ ಹಾಲಂಡ್‌ನಂಥ ನುರಿತ ಕೋವಿ ಕಾರ್ಖಾನೆಯಲ್ಲಿ ಎಡಬದಿಗೆ ಉಕ್ಕಿನ ಬಿಲ್ಲೆ ಕೂರಿಸಿದರು, ಹಿಡಿಗೆ ಕೆನ್ನೆಯಾಸರೆಯ ಮರ ಏರಿಸಿದರು. ಯಾವ ದುರ್ಬೀನು ಯಾವ ರೈಫಲಿನದೆಂದು ನಂಬರು ಕೊರೆದು, ಎರಡನ್ನೂ ಅಗಲದಂತೆ ಇಟ್ಟರು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಮಾಡಿಸುವ ಕೆಲಸಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಅಂಥ ಅಂಗಡಿಯಲ್ಲಿ ಮಾಡಿಸುವುದು ಕಾನೂನಿನಂತೆಯೂ ತಪ್ಪು. ಕೋವಿ ರಿಪೇರಿಗೂ ಮಾರ್ಪಾಡಿಗೂ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಲೈಸೆನ್ಸು ಇರುವವರೇ ಆಗಬೇಕು. ಕೊರೆಯುವಾಗ ನಂಬರು ಅಳಿಸಿತೆಂದರೆ, ಚುನಾವಣೆಯ ಕಾಲಕ್ಕೆ ಠಾಣೆಯಲ್ಲಿ ಕೋವಿ ಇಡಲು ಹೋದ ದಿನ ಉತ್ತರ ಕೊಡಬೇಕಾದವರು ನಾವೇ.

ಮಳೆಯ ಮಾತನ್ನು ಮರೆಯುವಂತಿಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಕ್ಯಾಮೆರಾ ಇದ್ದವರಿಗೆ ಗೊತ್ತು, ಗಾಜಿನ ಒಳಮೈಗೂ ಅದು ಹಬ್ಬುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಉಂಟು, ಮಸೂರದೊಳಗಿನ ಬೂಷ್ಟಿಗೆ ಅಂಥದ್ದೇನೂ ಇಲ್ಲ. ಹಂದಿಯ ಉಪದ್ರ ಹೆಚ್ಚಿರುವ ರಾತ್ರಿಯಲ್ಲೇ ಬ್ಯಾಟರಿಯೂ ಮುಗಿದಿರುತ್ತದೆ.

ಇಷ್ಟೆಲ್ಲ ಹೇಳಿದರೂ ನಮ್ಮ ಮನಸ್ಸಿನಲ್ಲಿರುವ ಮುಖ್ಯ ಭಯ ಬೇರೆಯದು. ದುರ್ಬೀನು ಗುರಿಯನ್ನು ಹತ್ತಿರ ತರುತ್ತದೆ; ಗುರಿ ಯಾವುದೆಂದು ತೀರ್ಮಾನಿಸುವುದು ಮನುಷ್ಯನ ಕೆಲಸ. ನಮ್ಮೂರುಗಳಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೇ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವರಿದ್ದಾರೆ. ನೀರು ಬಿಡಲು ತೋಡಿಗೆ ಇಳಿಯುವವರಿದ್ದಾರೆ. ಪೊದೆಯಾಚೆ ಮಿನುಗಿದ್ದು ಪ್ರಾಣಿಯ ಕಣ್ಣೋ ಟ್ಯಾಪರನ ದೀಪವೋ? ಅಲುಗಿದ್ದು ಹಂದಿಯೋ ಬಾಗಿ ಅಡಿಕೆ ಹೆಕ್ಕುವ ಹೆಂಗಸೋ? ಹಂದಿಯೆಂದು ಬಗೆದು ಮನುಷ್ಯನಿಗೇ ಗುಂಡು ಹಾರಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದದವರು ನಮ್ಮಲ್ಲಿ ಯಾರಿದ್ದಾರೆ? ಹೊಸ ಉಪಕರಣ ಕೈಗೆ ಬಂದಾಗ ಬರುವ ಧೈರ್ಯವೇ ಅಪಾಯ. ಮೊದಲು ಐವತ್ತು ಗಜಕ್ಕೆ ಹಾರಿಸದವನು ಈಗ ಹಾರಿಸುತ್ತಾನೆ. ರೈಫಲಿನ ಗುಂಡಾದರೋ ತಪ್ಪಿದರೆ ಒಂದು ಮೈಲಿಗೂ ಆಚೆ ಹೋಗುತ್ತದೆ. ಕೋವಿಯ ಮೇಲಿನ ಗಾಜಿನಿಂದ "ಯಾರದು?" ಎಂದು ಹುಡುಕುವುದೆಂದರೆ ತುಂಬಿದ ಕೋವಿಯನ್ನು ಮನುಷ್ಯರತ್ತ ತಿರುಗಿಸುವುದೆಂದೇ ಅರ್ಥ. ಹುಡುಕಲು ಟಾರ್ಚು ಬೇಕು, ಕೂಗಿ ಕರೆಯಲು ಬಾಯಿ ಬೇಕು. ಕೋವಿ ಎತ್ತುವುದು ಅದರ ನಂತರ.

ಕಾಡುಪ್ರಾಣಿಯ ಕಾನೂನೂ ನೆನಪಿರಲಿ. ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಬಳಿಕ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವುದನ್ನು ಕೊಲ್ಲಬೇಕಾದರೆ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕಾಟಿ, ನವಿಲು, ಆನೆ ಮೊದಲನೆಯ ಅನುಸೂಚಿಯವು. ಹೆಚ್ಚಿನ ದಿನಗಳಲ್ಲಿ ನಮ್ಮ ಕೋವಿ ಮಾಡುವ ಉಪಕಾರ ಅದರ ಸದ್ದಿನದು. ಸದ್ದಿಗೆ ದುರ್ಬೀನು ಬೇಡ.

ಹಾಗಾದರೆ ಹಿರಿಯರು ಏನು ಮಾಡಬೇಕು? ಖರ್ಚು ಕಡಿಮೆಯ ದಾರಿಗಳಿವೆ. ಮೊದಲು ಕಣ್ಣಿನ ವೈದ್ಯರನ್ನು ಕಂಡು, ಎಷ್ಟು ದೂರ ನೋಡಬೇಕಾಗುತ್ತದೆಂದು ಹೇಳಿ ಕನ್ನಡಕ ಮಾಡಿಸಿ. ನಳಿಗೆಯ ತುದಿಯ ಮಣಿ ಕಪ್ಪಾಗಿದ್ದರೆ ಬಿಳಿ ಬಣ್ಣ ಹಚ್ಚಿಸಿ, ಇಲ್ಲವೇ ಹೊಳೆಯುವ ದೊಡ್ಡ ಮಣಿ ಹಾಕಿಸಿ. ಹಿಡಿಯ ಉದ್ದ ನಿಮ್ಮ ತೋಳಿಗೆ ಸರಿಯಿದೆಯೇ ನೋಡಿಸಿ. ಅಪ್ಪನ ತೋಳಿನ ಅಳತೆ ಮಗನಿಗೆ ಹೊಂದಬೇಕೆಂದಿಲ್ಲ. ಕಾನೂನಿಗೆ ಒಪ್ಪುವ ಜಾಗದಲ್ಲಿ ಮೂವತ್ತು ಗಜಕ್ಕೆ ದೊಡ್ಡ ಕಾಗದ ಕಟ್ಟಿ, ಎರಡೂ ನಳಿಗೆಗಳ ಚರೆ ಎಲ್ಲಿ ಬೀಳುತ್ತದೆಂದು ತಿಳಿದುಕೊಳ್ಳಿ. ಇಷ್ಟಾಗಿಯೂ ಕೈಯಲ್ಲಾಗದಿದ್ದರೆ ಕೋವಿಯನ್ನು ಕಾನೂನಿನಂತೆ ಮಗನ ಅಥವಾ ಮಗಳ ಹೆಸರಿಗೆ ಮಾಡಿಸುವುದೇ ಮೇಲು. ಅದರಲ್ಲಿ ಅವಮಾನವೇನೂ ಇಲ್ಲ.

ನಾವು ಹಟ ಹಿಡಿಯುತ್ತಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ .315 ರೈಫಲು, ಎದುರಿಗೆ ಗುಂಡನ್ನು ತಡೆಯುವ ಗುಡ್ಡದ ಮಣ್ಣು, ಕೈಯಲ್ಲಿ ಇಲಾಖೆಯ ಅನುಮತಿ, ಲೈಸೆನ್ಸುಳ್ಳ ನುರಿತ ಕೋವಿ ಕೆಲಸಗಾರ, ಇವು ನಾಲ್ಕೂ ಇದ್ದವರು ಕಡಿಮೆ ಪಟ್ಟಿನ ದುರ್ಬೀನು ಹಾಕಿಸಿಕೊಂಡರೆ ನಮ್ಮ ತಕರಾರಿಲ್ಲ. ಕೊರೆಯದೆ ಪಟ್ಟಿಗೆ ಕಚ್ಚಿಸುವ ಕೆಂಪು ಚುಕ್ಕಿಯೂ ಕೆಲವರಿಗೆ ಅನುಕೂಲವಾದೀತು. ಲೈಸೆನ್ಸು ನೀಡುವ ಅಧಿಕಾರಿಯನ್ನು ಮೊದಲು ಕೇಳಿಯೇ ಮುಂದುವರಿಯಬೇಕು, ಅಷ್ಟೇ. ಆದರೆ ನಮ್ಮಲ್ಲಿ ನೂರಕ್ಕೆ ತೊಂಬತ್ತು ಕೋವಿಗಳಿಗೆ ಬೇಕಾದದ್ದು ಗಾಜಲ್ಲ, ಒಂದು ಸರಿಯಾದ ತಪಾಸಣೆ ಎಂಬುದು ನಮ್ಮ ಅಭಿಮತ.

ಆದಕಾರಣ ಸಂಘದ ಆಡಳಿತ ಮಂಡಳಿಗೆ ನಮ್ಮದೊಂದು ವಿನಂತಿ. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಪೊಲೀಸ್ ಇಲಾಖೆಯ ಒಪ್ಪಿಗೆ ಪಡೆದು, ಲೈಸೆನ್ಸುಳ್ಳ ಕೋವಿ ಕೆಲಸಗಾರರನ್ನು ಕರೆಸಿ ತಾಲೂಕಿಗೊಂದರಂತೆ ತಪಾಸಣಾ ಶಿಬಿರ ನಡೆಸಲಿ. ನಳಿಗೆ, ಬೆಸುಗೆ, ತೋಟೆಮನೆಯ ಅಳತೆ ನೋಡಿ ಚೀಟಿ ಬರೆದುಕೊಡಲಿ. ಅಲ್ಲೇ ಪಕ್ಕದಲ್ಲಿ ಕಣ್ಣಿನ ತಪಾಸಣೆಯೂ ನಡೆಯಲಿ. ಔಷಧಿ ಸಿಂಪಡಿಸುವ ಪಂಪಿಗೆ ಸರ್ವಿಸ್ ಶಿಬಿರ ಇಡುವ ನಾವು ಕೋವಿಗೆ ಇಡಬಾರದೇ?

ಸುಳ್ಯದ ಆ ಹಿರಿಯರು ಪೆಟ್ಟಿಗೆ ಮುಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾ, "ಮೊಮ್ಮಗ ಬೇಸರ ಮಾಡಿಕೊಳ್ತಾನೆ" ಎಂದರು. ಬೇಸರ ಬೇಡ. ಅದನ್ನು ಕೋವಿಯಿಂದ ದೂರವಿಟ್ಟು, ಬರಿಗೈಯಲ್ಲಿ ಹಿಡಿದು ಹಗಲಲ್ಲಿ ಅಡಿಕೆಯ ಗೊನೆ ನೋಡಲಿ. ಮೇಲಿನ ಗೊನೆಗೆ ಕೊಳೆ ಬಂದಿದೆಯೋ ಇಲ್ಲವೋ ಎಂದು ಕೆಳಗೆ ನಿಂತೇ ತಿಳಿದೀತು. ಆ ಕೆಲಸಕ್ಕೆ ದುರ್ಬೀನು ನಿಜಕ್ಕೂ ಉಪಕಾರಿ.