ಸಾವಿನ ಮನೆಗೆ ಹೋಗುವ ವಿದ್ಯೆ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ಹಂಬಲದಲ್ಲಿದ್ದಾಳೆ. ಅವಳು ಬರೆದ ಪತ್ರದ ಒಂದು ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. "ಸಾರ್, ರೋಗಿಯೊಂದಿಗೆ ಹೇಗೆ ಮಾತನಾಡಬೇಕೆಂದು ನಮಗೆ ಒಂದು ಇಡೀ ಸೆಮಿಸ್ಟರ್ ಕಲಿಸಿದರು. ರೋಗಿ ತೀರಿಕೊಂಡ ಮೇಲೆ ಮನೆಯವರೊಂದಿಗೆ ಹೇಗೆ ಮಾತನಾಡಬೇಕೆಂಬುದನ್ನು ಒಂದೇ ತರಗತಿಯಲ್ಲಿ ಮುಗಿಸಿದರು." ನಾನು ವೈದ್ಯನಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ಆದರೆ ಕಲಿಸುವ ಕೆಲಸದಲ್ಲಿ ಜೀವಮಾನ ಕಳೆದವನಾದ್ದರಿಂದ, ಯಾವುದನ್ನು ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ಎರಡು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ.

ಕ್ಯಾನ್ಸರಿನ ಸಾವು ಒಂದೇ ದಿನದಲ್ಲಿ ಸಂಭವಿಸುವುದಿಲ್ಲ. ಮನೆಯ ದಿನಚರಿಯೆಲ್ಲವೂ ತಿಂಗಳುಗಟ್ಟಲೆ ಆ ಒಂದು ಹಾಸಿಗೆಯ ಸುತ್ತ ತಿರುಗುತ್ತಿರುತ್ತದೆ. ಗಂಜಿ ಕಾಯಿಸುವವರು ಯಾರು, ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು, ಬೆಂಗಳೂರಿಗೆ ಹೋಗಿ ಧರ್ಮಶಾಲೆಯಲ್ಲಿ ಉಳಿಯುವವರು ಯಾರು, ಅದಕ್ಕೆ ಹಣ ಹೊಂದಿಸುವವರು ಯಾರು ಎಂಬುದೆಲ್ಲ ಮಾತಿಲ್ಲದೆಯೇ ಹಂಚಿಕೆಯಾಗಿಬಿಟ್ಟಿರುತ್ತದೆ. ಸಾವು ಬಂದಾಗ ಮನೆಯವರು ಒಬ್ಬ ವ್ಯಕ್ತಿಯ ಜೊತೆಗೆ ಈ ಇಡೀ ದಿನಚರಿಯನ್ನೂ ಕಳೆದುಕೊಳ್ಳುತ್ತಾರೆ. ಕೈ ಬರಿದಾಗುತ್ತದೆ. ಆ ಬರಿದಾದ ಕೈಯಲ್ಲಿ ಸಾಲದ ಪತ್ರವೂ ಇರುತ್ತದೆ. ಎಷ್ಟೋ ಮನೆಗಳಲ್ಲಿ ಒಳಗೊಳಗೇ "ಸದ್ಯ, ಮುಗಿಯಿತು" ಎಂಬ ನಿಟ್ಟುಸಿರೂ, ಅಂಥ ನಿಟ್ಟುಸಿರು ಬಂತಲ್ಲಾ ಎಂಬ ಪಾಪಪ್ರಜ್ಞೆಯೂ ಇರುತ್ತದೆ.

ನಮ್ಮ ಅಣ್ಣನನ್ನು ಬಲ್ಲವರು ಇದನ್ನು ಓದುತ್ತಿರುವವರಲ್ಲಿ ಅನೇಕರಿದ್ದೀರಿ. ಅತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಅವನು ದಿನವೂ ರಾತ್ರಿ ಎರಡು ಗಂಟೆಗೆ ಎದ್ದು ಅವಳ ಮಗ್ಗುಲು ಬದಲಿಸುತ್ತಿದ್ದ. ಅತ್ತಿಗೆ ಹೋದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅವನಿಗೆ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು ಜಗಲಿಯಲ್ಲಿ ಕೂರುತ್ತಿದ್ದ. ಅವನ ಎದೆಯಲ್ಲಿ ಒಂದು ಪ್ರಶ್ನೆಯಿತ್ತೆಂಬುದು ನಮಗೆ ತಿಳಿದದ್ದು ಎರಡು ವರ್ಷಗಳ ನಂತರ, ಸಂಬಂಧಿಕರ ಮದುವೆಗೆ ಬಂದಿದ್ದ ವೈದ್ಯರೊಬ್ಬರ ಬಳಿ ಅವನು ಬಾಯಿಬಿಟ್ಟಾಗ. "ಅವತ್ತು ಸಂಜೆ ಮಾರ್ಫಿನ್ ಮಾತ್ರೆ ಕೊಟ್ಟವನು ನಾನೇ. ಅದರಿಂದಲೇ ಹೋದಳೇ?" ಎಂದು ಕೇಳಿದನಂತೆ. ನೋವಿಗೆ ತಕ್ಕ ಪ್ರಮಾಣದಲ್ಲಿ ಸರಿಯಾಗಿ ಕೊಟ್ಟ ಮಾರ್ಫಿನ್ ಸಾವನ್ನು ಮುಂದಕ್ಕೆ ಎಳೆದು ತರುವುದಿಲ್ಲವೆಂದು ಆ ವೈದ್ಯರು ಕಾಲು ಗಂಟೆ ಕೂತು ವಿವರಿಸಿದರು. ಎರಡು ವರ್ಷಗಳ ಭಾರ ಕಾಲು ಗಂಟೆಯಲ್ಲಿ ಪೂರಾ ಇಳಿಯಿತೆಂದು ನಾನು ಹೇಳಲಾರೆ. ಆದರೆ ಈ ಕಾಲು ಗಂಟೆಯನ್ನು ಚಿಕಿತ್ಸೆ ನೀಡಿದ ಆಸ್ಪತ್ರೆಯಲ್ಲಿ ಯಾರೂ ಕೊಟ್ಟಿರಲಿಲ್ಲ. ಅಲ್ಲಿ ಒಬ್ಬ ಆಪ್ತಸಲಹೆಗಾರರಿದ್ದರು. ಅತ್ತಿಗೆ ಬದುಕಿರುವಷ್ಟು ದಿನ ಬಂದು ಮಾತನಾಡಿಸಿದರು. ಸಾವಿನೊಂದಿಗೆ ಅವರ ಕೆಲಸವೂ ಮುಗಿದಿತ್ತು.

ಆದ್ದರಿಂದ ಮೊದಲನೆಯದಾಗಿ, ಈ ಕೆಲಸಕ್ಕೆ ಬರುವ ಮನಶ್ಶಾಸ್ತ್ರಜ್ಞರಿಗೆ ರೋಗದ ಬಗೆಗೂ ಔಷಧಗಳ ಬಗೆಗೂ ತಕ್ಕಷ್ಟು ಜ್ಞಾನವಿರಬೇಕು. ಕೊನೆಯ ದಿನಗಳಲ್ಲಿ ಉಸಿರಾಟ ಏಕೆ ಹಾಗೆ ಗೊರಗೊರ ಸದ್ದು ಮಾಡುತ್ತದೆ, ಊಟ ಏಕೆ ಸೇರುವುದಿಲ್ಲ, ಕೊನೆಯಲ್ಲಿ ಏಕೆ ಅಸಂಬದ್ಧವಾಗಿ ಮಾತನಾಡುತ್ತಾರೆ ಎಂಬುದು ತಿಳಿಯದವರು, 'ನಾನು ಬಲವಂತ ಮಾಡಿ ಉಣಿಸಿದ್ದರೆ ಬದುಕುತ್ತಿದ್ದರೇನೋ' ಎಂದು ಕೊರಗುವ ಮಗಳಿಗೆ ಏನು ಉತ್ತರ ಹೇಳಿಯಾರು? ಆ ಮಗಳಿಗೆ ಸಮಾಧಾನದ ಮಾತಿಗಿಂತ ಮೊದಲು ಸರಿಯಾದ ಉತ್ತರ ಬೇಕು.

ಇನ್ನು ಪುಸ್ತಕದ ಪಾಠ. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರ ತಮ್ಮ ಗ್ರಂಥದಲ್ಲಿ ಹೇಳಿದ ಐದು ಹಂತಗಳನ್ನು (ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಒಪ್ಪಿಕೊಳ್ಳುವಿಕೆ) ಇಂದಿಗೂ ಮಗ್ಗಿಯಂತೆ ಬಾಯಿಪಾಠ ಮಾಡಿಸುವವರಿದ್ದಾರೆ. ಆಕೆ ಅವನ್ನು ಬರೆದದ್ದು ಸಾಯುತ್ತಿರುವ ರೋಗಿಗಳೊಂದಿಗೆ ಮಾತನಾಡಿ, ಉಳಿದವರನ್ನು ಕುರಿತಲ್ಲ. ಮನುಷ್ಯರ ದುಃಖ ಒಂದನೆಯ ತರಗತಿ, ಎರಡನೆಯ ತರಗತಿ ಎಂದು ತೇರ್ಗಡೆಯಾಗುತ್ತಾ ಹೋಗುವುದಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವುದು 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ವಿದ್ವಾಂಸರು ಮುಂದಿಟ್ಟ ವಿಚಾರ. ದುಃಖದಲ್ಲಿರುವವರು ಉಯ್ಯಾಲೆಯಂತೆ ಅತ್ತಿತ್ತ ತೂಗುತ್ತಿರುತ್ತಾರೆ. ಒಮ್ಮೆ ಅಗಲಿದವರ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ. ಬೆಳಗ್ಗೆ ಗಂಡನ ಅಂಗಿಯನ್ನು ಮುಖಕ್ಕೊತ್ತಿಕೊಂಡು ಅತ್ತ ಹೆಣ್ಣುಮಗಳು ಸಂಜೆ ಡೇರಿಗೆ ಹಾಲು ಹಾಕಿ, ಅಳತೆಯಲ್ಲಿ ಮೋಸವಾಯಿತೆಂದು ಜಗಳವಾಡಿ ಬರುವುದನ್ನು ನಮ್ಮ ಹಳ್ಳಿಗಳಲ್ಲಿ ಯಾರು ಕಂಡಿಲ್ಲ? ಅವಳು ಅಳುವುದೂ ಸಹಜ, ಜಗಳವಾಡುವುದೂ ಸಹಜ. "ಗಂಡ ಸತ್ತು ತಿಂಗಳಾಗಿಲ್ಲ, ಆಗಲೇ ನೋಡಿ" ಎನ್ನುವ ನೆರೆಹೊರೆಯವರಿಗೆ ಈ ಪಾಠ ಮೊದಲು ಆಗಬೇಕು ಎನಿಸುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತೂ ಇದೆ. ಸಾವು ಕಂಡ ಪ್ರತಿಯೊಬ್ಬರನ್ನೂ ಮನಶ್ಶಾಸ್ತ್ರಜ್ಞರ ಮುಂದೆ ಕೂರಿಸಬೇಕೆಂದು ನಾನು ವಾದಿಸುತ್ತಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲಿ ಕ್ಯಾನ್ಸರ್ ರೋಗಿಗಳ ಆರೈಕೆಯ ಕುರಿತು ಹೊರಡಿಸಿದ ಮಾರ್ಗಸೂಚಿಯಲ್ಲಿ ಮೂರು ಮಟ್ಟದ ನೆರವನ್ನು ಹೇಳಿದೆ. ಎಲ್ಲರಿಗೂ ತಿಳಿವಳಿಕೆ; ಕೆಲವರಿಗೆ ತರಬೇತಿ ಪಡೆದ ಸ್ವಯಂಸೇವಕರ ಅಥವಾ ಸಮಾನ ದುಃಖಿಗಳ ಒಡನಾಟ; ಸ್ವಲ್ಪ ಮಂದಿಗೆ ಮಾತ್ರ ತಜ್ಞರ ಚಿಕಿತ್ಸೆ. ಬಹುಪಾಲು ಜನರ ಶೋಕ ಬಂಧುಬಳಗದ ನಡುವೆಯೇ ಕಾಲಕ್ರಮೇಣ ಮಾಗುತ್ತದೆ. ಮಾಗದೆ ಉಳಿಯುವ ಶೋಕವನ್ನು ಈಗ ವೈದ್ಯಶಾಸ್ತ್ರವೂ ಒಂದು ತೊಂದರೆಯೆಂದು ಗುರುತಿಸಿದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿ. ಅದೇ ವರ್ಷ ಪರಿಷ್ಕೃತವಾದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ವಯಸ್ಕರಿಗೆ ಹನ್ನೆರಡು ತಿಂಗಳು. ಎರಡೂ ಕಡೆ, ಆಯಾ ಸಮಾಜದ ಸಂಪ್ರದಾಯದ ಮಿತಿಯನ್ನು ಮೀರಿದಾಗ ಮಾತ್ರ ಹಾಗೆ ಕರೆಯಬೇಕೆಂಬ ಷರತ್ತಿದೆ.

ಹಾಗಾದರೆ ನಮ್ಮ ಸಮಾಜದ ಸಂಪ್ರದಾಯವೇನು? ಅದನ್ನು ತಿಳಿಯದೆ ಆ ಮಿತಿಯನ್ನು ಅಳೆಯುವುದು ಹೇಗೆ? ಮೂರನೆಯ ದಿನದ ಹಾಲುತುಪ್ಪ, ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಮುಸಲ್ಮಾನರ ನಲವತ್ತನೆಯ ದಿನ, ಕ್ರೈಸ್ತರ ಪೂಜೆ, ಮಾಸಿಕ, ವರ್ಷಾಂತ್ಯ ಎಂದು ಜನ ಮತ್ತೆ ಮತ್ತೆ ಮನೆಗೆ ಬರುವಂತೆ ನಮ್ಮ ಹಿರಿಯರು ಏರ್ಪಾಡು ಮಾಡಿದ್ದರು. ಇಂದು ಮೂರು ದಿನದ ರಜೆಯಲ್ಲಿ ಎಲ್ಲವನ್ನೂ ಮುಗಿಸುವ ಮನೆಗಳಲ್ಲಿ ಆ ಬರುವಿಕೆ ನಿಂತಿದೆ. ಹಾಗೆಂದು ಹಳೆಯದೆಲ್ಲವೂ ಚಿನ್ನವಲ್ಲ. ಬಳೆ ಒಡೆಯುವ ಶಾಸ್ತ್ರ ಯಾವ ಹೆಣ್ಣಿಗೆ ಸಮಾಧಾನ ತಂದೀತು? ಸಾಲದ ಮೇಲೆ ಸಾಲ ಮಾಡಿ ತಿಥಿಯೂಟ ಹಾಕಿಸುವ ಒತ್ತಾಯವೂ ದುಃಖದ ಒಂದು ಭಾಗವೇ. ಯಾವ ಆಚರಣೆ ಆ ಮನೆಯನ್ನು ಎತ್ತಿ ಹಿಡಿಯುತ್ತಿದೆ, ಯಾವುದು ತುಳಿಯುತ್ತಿದೆ ಎಂದು ನೋಡುವ ಕಣ್ಣನ್ನು ತರಬೇತಿ ಕೊಡಬೇಕು.

ಭಾಷೆಯ ವಿಷಯವಂತೂ ನನಗೆ ತುಂಬ ಹತ್ತಿರದ್ದು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅಳುವವರು ಕನ್ನಡದಲ್ಲಿ. ದುಃಖ, ಶೋಕ, ಅಳಲು, ಕೊರಗು, ಹಳಹಳಿಕೆ, ಸಂಕಟ ಇವೆಲ್ಲ ಒಂದೇ ಅಲ್ಲವೆಂದು ಕನ್ನಡ ಬಲ್ಲವರಿಗೆ ಗೊತ್ತು. ಕೊರಗುವವನು ಬಾಯಿಬಿಡುವುದಿಲ್ಲ, ಹಳಹಳಿಸುವವನು ಹೇಳಿದ್ದನ್ನೇ ಹೇಳುತ್ತಾನೆ. ಕಲಬುರಗಿಯ ತಾಯಿ "ಹೊಟ್ಟ್ಯಾಗ ಸಂಕಟ ಆಗ್ತೈತ್ರೀ" ಎಂದಾಗ ಅದನ್ನು ಹೊಟ್ಟೆನೋವೆಂದು ಬರೆದುಕೊಂಡು ಮಾತ್ರೆ ಕೊಟ್ಟು ಕಳಿಸಿದರೆ ಅಲ್ಲಿಗೆ ಮಾತು ಮುಗಿಯಿತು. "ನಿಮಗೆ ಈಗ ಏನನ್ನಿಸುತ್ತಿದೆ?" ಎಂಬ ಪ್ರಶ್ನೆಯಿಂದ ನಮ್ಮಲ್ಲಿ ಯಾರೂ ಮಾತು ಆರಂಭಿಸುವುದಿಲ್ಲ. "ಊಟ ಮಾಡಿದಿರಾ? ರಾತ್ರಿ ನಿದ್ದೆ ಬಂತೇ?" ಎಂದು ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ.

ಸಾವಿಲ್ಲದ ಮನೆಯ ಸಾಸಿವೆಯ ಕಥೆಯನ್ನು ನನ್ನ ತರಗತಿಯಲ್ಲಿ ಕೇಳಿದವರು ಬಹಳ ಮಂದಿ ಇದ್ದೀರಿ. ಸಾವಿನ ಮನೆಯಲ್ಲಿ ಆ ಕಥೆಯನ್ನು ಬಾಯಿ ಮುಚ್ಚಿಸಲು ಬಳಸುವುದೇ ಹೆಚ್ಚು: "ಎಲ್ಲರ ಮನೆಯಲ್ಲೂ ಇದ್ದದ್ದೇ, ಸಮಾಧಾನ ಮಾಡಿಕೊಳ್ಳಿ." ಬುದ್ಧ ಹಾಗೆ ಹೇಳಲಿಲ್ಲ. ಕಿಸಾಗೋತಮಿಯನ್ನು ಮನೆಯಿಂದ ಮನೆಗೆ ನಡೆಸಿದ. ಅವಳು ಪ್ರತಿ ಬಾಗಿಲಲ್ಲೂ ತನ್ನ ದುಃಖವನ್ನು ಹೇಳಬೇಕಾಯಿತು, ಅವರದನ್ನು ಕೇಳಬೇಕಾಯಿತು. ಉಪದೇಶ ಆಮೇಲೆ ಬಂತು.

ತರಬೇತಿ ಆರಂಭವಾಗಬೇಕಾದದ್ದು ಸಾವಿಗಿಂತ ಮೊದಲಿನ ಮಾತುಕತೆಯಿಂದ. "ಅವರಿಗೆ ಕ್ಯಾನ್ಸರ್ ಎಂದು ಹೇಳಬೇಡಿ ಡಾಕ್ಟ್ರೇ" ಎಂದು ಮಕ್ಕಳು ಕೈಮುಗಿಯುತ್ತಾರೆ. ತಂದೆಗೆ ಎಲ್ಲವೂ ಗೊತ್ತಿರುತ್ತದೆ. ಮಕ್ಕಳು ನೊಂದಾರೆಂದು ಅವರೂ ಗೊತ್ತಿಲ್ಲದವರಂತೆ ಇರುತ್ತಾರೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಲೇ, ಹೇಳಬೇಕಾದ ಮಾತು ಹೇಳದೆ ಬೇರೆಯಾಗುತ್ತಾರೆ. ಮುಂದೆ ವರ್ಷಗಟ್ಟಲೆ ಕಾಡುವುದು ಆ ಹೇಳದ ಮಾತು. ಇದನ್ನು ನಯವಾಗಿ, ಮನೆಯವರನ್ನು ತಪ್ಪಿತಸ್ಥರನ್ನಾಗಿ ಮಾಡದೆ ಬಿಡಿಸುವುದು ಬಹಳ ಸೂಕ್ಷ್ಮವಾದ ಕೆಲಸ. ಉಪನ್ಯಾಸ ಕೇಳಿ ಬರುವಂಥದ್ದಲ್ಲ.

ನಮ್ಮ ಬಿ.ಎಡ್. ತರಬೇತಿಯಲ್ಲಿ ಪಾಠಾಭ್ಯಾಸವೆಂಬುದಿತ್ತು. ಹಿಂದಿನ ಬೆಂಚಿನಲ್ಲಿ ಉಪನ್ಯಾಸಕರು ಕುಳಿತು ನಾವು ಮಾಡುವ ಪಾಠವನ್ನು ನೋಡಿ, ಸಂಜೆ ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದರು. ಮನಶ್ಶಾಸ್ತ್ರಜ್ಞರಿಗೂ ಇದೇ ಬೇಕು, ಅನುಭವಿಗಳ ಕಣ್ಣೆದುರಿನ ಅಭ್ಯಾಸ. ಅದಕ್ಕೆ ಸ್ಥಳಗಳಿಲ್ಲವೆನ್ನುವಂತಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ, ನಿಮ್ಹಾನ್ಸ್ ಇದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯವಿದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆಯ ಮನೆಯನ್ನು ತೆರೆದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ, ಆಮೇಲೆ ಸಮಾಜಕಾರ್ಯಕರ್ತೆಯಾಗಿ ದುಡಿದು, ಕೊನೆಗೆ ವೈದ್ಯೆಯಾದವರು. ನಮ್ಮ ಎಳೆಯರು ಮೂರು ಪದವಿ ಪಡೆಯಬೇಕಿಲ್ಲ. ಆದರೆ ಕೆಲವು ತಿಂಗಳಾದರೂ ವಾರ್ಡಿನಲ್ಲಿ ದಾದಿಯರ ಜೊತೆ ನಿಲ್ಲಲಿ, ಸಾವಾದ ಮನೆಗಳಿಗೆ ಹೋಗಿ ಚಾಪೆಯ ಮೇಲೆ ಕುಳಿತು ಬರಲಿ. ಹಾಗೆ ಹೋಗಿ ಬಂದವರ ಮನಸ್ಸಿಗೂ ಗಾಯವಾಗುತ್ತದೆ. ಅದನ್ನು ಹೇಳಿಕೊಳ್ಳಲು ವಾರಕ್ಕೊಂದು ಗಂಟೆಯನ್ನು ವೇಳಾಪಟ್ಟಿಯಲ್ಲೇ ಬರೆದಿಡಬೇಕು.

ಇಷ್ಟಾದರೂ ತಜ್ಞರ ಸಂಖ್ಯೆ ನಮ್ಮ ಜನಸಂಖ್ಯೆಗೆ ಸಾಲದು. ಕಿದ್ವಾಯಿಯಲ್ಲಿ ತೀರಿಕೊಂಡವರ ಕುಟುಂಬ ರಾಯಚೂರಿಗೋ ಬೀದರಿಗೋ ಮರಳಿರುತ್ತದೆ. ಇದಕ್ಕೆ ದಾರಿ ನಮ್ಮ ನೆಲದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉಪಶಮನ ಆರೈಕೆಯ ಸಂಘ ಊರಿನ ಸಾಮಾನ್ಯರನ್ನೇ ತಯಾರು ಮಾಡಿತು. ಹೀಗೆ ನಮ್ಮ ಮನಶ್ಶಾಸ್ತ್ರಜ್ಞರು ಆಶಾ ಕಾರ್ಯಕರ್ತೆಯರಿಗೆ ಕಲಿಸಲಿ: ಯಾರು ಮೌನವಾಗಿ ಕೊರಗುತ್ತಿದ್ದಾರೆ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾರು "ನಾನೂ ಹೋಗಿಬಿಡುತ್ತೇನೆ" ಎನ್ನುತ್ತಿದ್ದಾರೆ, ಯಾವ ಮಗು ಶಾಲೆ ಬಿಟ್ಟಿದೆ. ಹೀಗೆ ಗುರುತಿಸಿದವರನ್ನಷ್ಟೇ ತಜ್ಞರು ನೋಡಲಿ.

ಆಸ್ಪತ್ರೆಗಳೂ ಒಂದು ಸಣ್ಣ ಕೆಲಸ ಮಾಡಬಹುದು. ರೋಗಿ ತೀರಿಕೊಂಡ ದಿನ ಅವರ ಕಡತವನ್ನು ಕಟ್ಟಿ ಕಪಾಟಿಗೆ ಸೇರಿಸುವ ಬದಲು, ಅದರ ಮೇಲೆ ಮೂರು ದಿನಾಂಕಗಳನ್ನು ಬರೆದಿಡಲಿ: ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷ ತುಂಬುವ ಮುಂಚೆ. ಆ ದಿನಗಳಲ್ಲಿ, ರೋಗಿಯ ಹೆಸರು ಬಲ್ಲವರೊಬ್ಬರು ಮನೆಗೆ ದೂರವಾಣಿ ಮಾಡಲಿ. ಅದು ಎಲ್ಲೆಡೆ ಆಗುವವರೆಗೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ರಾತ್ರಿ ಎರಡು ಗಂಟೆಗೂ ಎತ್ತಿಕೊಳ್ಳುತ್ತಾರೆ.